ಷರಾ

ಹುತ್ತರಿ ಕದಿರು ತೆಗೆದು, ಕೂಳೆ ಸವರಿ,
ಬದು ಕಡಿದು, ಮೂರು ದಿನ ಕೊರಡು ಎಳೆದ ಮೇಲೆ
ಕುಟ್ಟದ ಬಯಲಲ್ಲಿ ನನಗೊಂದು ರನ್‌ವೇ ಸಿಗುತ್ತದೆ:
ಇನ್ನೂರ ಎಂಬತ್ತು ಮೀಟರು, ತುದಿಯಲ್ಲೊಂದು ಹಲಸು.
ಹಲಸು ಕಡಿಯಲು ಗದ್ದೆಯವರು ಒಪ್ಪಲಿಲ್ಲ.
ಒಳ್ಳೇದೇ ಆಯ್ತು, ಅಂದರು ಮೊಣ್ಣಪ್ಪ ಮಾವ,
ನಿನಗೆ ಕೆಲಸ ಸಿಗೋ ಕಡೆ
ಹಲಸಿನ ಜಾಗದಲ್ಲಿ ಬೆಟ್ಟ ಇರುತ್ತೆ.

ಕೆಲಸ ಸಿಗೋ ಕಡೆ. ಅದೊಂದು ದ್ವೀಪ.
ರಸ್ತೆ ಕಾಣದ ಊರುಗಳು, ಇಳಿಜಾರಿನ ಹುಲ್ಲುಪಟ್ಟಿಗಳು,
ಅಕ್ಕಿ, ಸೀಮೆಎಣ್ಣೆ, ಬಸುರಿ ಹೆಂಗಸು, ಹಂದಿಮರಿ
ಎಲ್ಲ ಒಂದೇ ಎಂಜಿನ್ನಿನ ವಿಮಾನದೊಳಗೆ.
ಅವರ ಕಾಗದ ಚಿಕ್ಕದು: ಐನೂರು ಗಂಟೆ ಬೇಕು,
ಅದರಲ್ಲಿ ನೂರು ಬೆಟ್ಟದ ಸೀಮೆಯಲ್ಲಿ.
ನನ್ನ ಹತ್ತಿರ ಇದ್ದದ್ದು ನೂರ ತೊಂಬತ್ತೊಂದು.
ಬ್ರಹ್ಮಗಿರಿ ಬೆಟ್ಟವೇ ತಾನೆ, ಎಂದು ಕೇಳಿ ಬರೆದೆ.
ಉತ್ತರ ಬಂದಿಲ್ಲ.

ಹಾಗಾಗಿ ಹತ್ತು ನಿಮಿಷ, ಹತ್ತು ನಿಮಿಷ, ಹತ್ತು ನಿಮಿಷ.
ಹೋಂಸ್ಟೇಯಿಂದ ಬಂದವರನ್ನು ಹಿಂದಿನ ಸೀಟಿಗೆ ಬಿಗಿದು
ಕೆರೆ ತೋರಿಸಿ, ತೋಟ ತೋರಿಸಿ, ಇಳಿಸುವುದು.
ಒಬ್ಬರು ಕಣ್ಣೇ ಬಿಡಲಿಲ್ಲ; ಪೂರ್ತಿ ಹಣ ಕೊಟ್ಟರು.
ಆರು ಜನ ಹಾರಿದರೆ ಒಂದು ಗಂಟೆ.
ಐನೂರಕ್ಕೆ ಇನ್ನೆಷ್ಟು ಜನ ಎಂದು
ಮಂಜು ಕರಗಲು ಕಾಯುತ್ತ ಲೆಕ್ಕ ಹಾಕುತ್ತೇನೆ.
ಮಂಜಿಗೆ ಲೆಕ್ಕ ಬರುವುದಿಲ್ಲ.

ರಾತ್ರಿ ಆನೆ ದಾಟಿದರೆ ಬೆಳಿಗ್ಗೆ ರನ್‌ವೇ ತುಂಬ ಬೋಗುಣಿ.
ಬುಟ್ಟಿಯಲ್ಲಿ ಮಣ್ಣು ಹೊತ್ತು ಬೊಳ್ಳಿಯೂ ನಾನೂ ತುಂಬುತ್ತೇವೆ,
ಹಿಮ್ಮಡಿ ಒತ್ತಿ ನೋಡುತ್ತೇವೆ.
ಹಿಮ್ಮಡಿ ಇಳಿದರೆ ಚಕ್ರವೂ ಇಳಿಯುತ್ತದೆ.
ಗಾಳಿಚೀಲವನ್ನು ಮೊದಲು ಕಾಫಿ ಗೋಣಿಯಲ್ಲಿ ಹೊಲಿದಿದ್ದೆ.
ಭಾರ. ಗಾಳಿ ಬಂದರೂ ಅದಕ್ಕೆ ನಿದ್ದೆ.
ಈಗಿರುವುದು ಚಿಕ್ಕಮ್ಮನ ಕೆಂಪು ವಸ್ತ್ರ;
ತಲೆಗೆ ಕಟ್ಟುವುದನ್ನು ಬಿದಿರಿಗೆ ಕಟ್ಟಿದೆಯಾ ಎಂದು
ಅವರಿಗೆ ಇನ್ನೂ ಮುನಿಸು.

ಫೆಬ್ರವರಿಯಲ್ಲೊಂದು ದಿನ ಬುಕಿಂಗ್ ಇರಲಿಲ್ಲ.
ಬೊಳ್ಳಿ ಕೇಳಿದಳು: ನಮ್ಮ ಹಾಡಿ ಮೇಲಿಂದ ಕಾಣುತ್ತಾ?
ಪೆಟ್ರೋಲು ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ, ಎಂದೆ ಮಾವನಿಗೆ.

ಹಾಡಿಯನ್ನು ಅವಳು ಒಂದು ಸಲ ನೋಡಿದಳು, ಅಷ್ಟೆ.
ಆಮೇಲೆ ನನ್ನ ಭುಜ ತಟ್ಟಿ ತಟ್ಟಿ
ಎಂಜಿನ್ನಿಗಿಂತ ಜೋರಾಗಿ ಕಾಡನ್ನು ಹೇಳತೊಡಗಿದಳು:
ಅಲ್ಲಿ ಬಿದಿರು ಹೂ ಬಿಟ್ಟು ಸತ್ತಿದೆ,
ಅಲ್ಲಿ ಜೌಗು, ಹಸಿರು ನೋಡಿ ಮೋಸ ಹೋಗಬೇಡ,
ಆ ಎರಡು ಗುಡ್ಡದ ನಡುವೆ ಮಾತ್ರ ಬೇಡ.
ಯಾಕೆ?
ಅಲ್ಲಿ ಹೆಜ್ಜೇನು ಕಟ್ಟೋದಿಲ್ಲ. ಗಾಳಿ ತಿರುಚುತ್ತೆ.
ಅಪ್ಪನ ಏಣಿ ಅಲ್ಲೇ ತಿರುಗಿದ್ದು.

ಆ ಸಂದಿಯಲ್ಲಿ ನಾನು ನಲವತ್ತು ಸಲ ನುಗ್ಗಿದ್ದೆ,
ಬೆಳಗಿನ ತಣ್ಣನೆಯ ಹೊತ್ತಿನಲ್ಲಿ,
ಅದೃಷ್ಟ ಎಂದು ಗೊತ್ತೇ ಇಲ್ಲದ ಅದೃಷ್ಟದಲ್ಲಿ.
ಈಗ ಹನ್ನೊಂದು ಗಂಟೆ. ಬಲಕ್ಕೆ ವಾಲಿಸಿದೆ.
ಕೆಳಗೆ, ಸಂದಿಯ ಬಾಯಲ್ಲಿ, ತರಗೆಲೆಗಳು
ಮರದಿಂದ ನೆಲಕ್ಕಲ್ಲ,
ನೆಲದಿಂದ ಮರಕ್ಕೆ ಸುತ್ತಿ ಸುತ್ತಿ ಏರುತ್ತಿದ್ದವು.

ಇಳಿದು ಲಾಗ್‌ಬುಕ್ ತೆರೆದೆ.
ಹೊರಟದ್ದು ಕುಟ್ಟ, ಇಳಿದದ್ದು ಕುಟ್ಟ.
ಸೊನ್ನೆ ಪಾಯಿಂಟ್ ನಾಲ್ಕು ಗಂಟೆ.
ಷರಾ ಕಾಲಂ ಹೆಬ್ಬೆರಳಗಲ.
‘ಜೇನಿಲ್ಲದ ಕಡೆ ಹೋಗಬಾರದು’ ಎಂದು ಬರೆದೆ.
ಮೊಣ್ಣಪ್ಪ ಮಾವ ಕನ್ನಡಕ ಏರಿಸಿ ಓದಿದರು,
ಇನ್ನೊಮ್ಮೆ ಓದಿದರು,
ಏನೂ ಅನ್ನದೆ ಸಹಿ ಹಾಕಿದರು.

ಜೂನ್. ರನ್‌ವೇಗೆ ನೀರು ಬಿಟ್ಟರು.
ಇನ್ನೂರ ಮೂವತ್ತಾರಕ್ಕೆ ನಿಂತಿತು ಲೆಕ್ಕ.
ಮೊಣಕಾಲುದ್ದ ಕೆಸರಲ್ಲಿ ಪೈರು ನೆಡುತ್ತ
ಚಕ್ರ ನೆಲ ಮುಟ್ಟುವ ಜಾಗ ಗುರುತು ಹಿಡಿದೆ.
ಇಲ್ಲಿಂದ ಹಲಸಿಗೆ ಹಾರುವಾಗ ಉಸಿರು ಸಾಲದು;
ಬಗ್ಗಿ ನೆಟ್ಟರೆ ಎರಡು ದಿನ.

ಕೈಲ್‌ಪೊಳ್ದಿಗೆ ಕೋವಿಯ ಪಕ್ಕ
ಬಿಚ್ಚಿಟ್ಟ ಪ್ರೊಪೆಲ್ಲರ್ ಒರಗಿಸಿದೆವು.
ಎರಡಕ್ಕೂ ಗಂಧ, ಎರಡಕ್ಕೂ ತೋಕ್‌ಪೂ.
ಒಂದು ಹೂ ಉಳಿಯಿತು. ಪುಸ್ತಕಕ್ಕೂ ಇಡು, ಅಂದರು ಚಿಕ್ಕಮ್ಮ.
ಪುಟ ಒದ್ದೆಯಾಗುತ್ತೆ, ಅಂದೆ. ಆದರೂ ಇಟ್ಟೆ.
ಹೊರಗೆ ಮಳೆ ಬಿಟ್ಟಿತ್ತು. ವಸ್ತ್ರವಿಲ್ಲದ ಬಿದಿರು.
ಗದ್ದೆಯ ಪೈರೆಲ್ಲ ಒಂದೇ ಕಡೆ ಬಾಗಿತ್ತು:
ಪಡುವಣದಿಂದ, ಎಂಟು ನಾಟ್ ಇರಬಹುದು.