ತೊಳೆದು ತಂದಿರಾ?

ಪಾಂಡವಪುರದ ಈಚೆ, ಆಲೆಮನೆಯಲ್ಲಿ ನನ್ನ ಕೆಲಸ ಮುದ್ದೆ ತೊಳಸುವುದು.
ಹದಿನಾಲ್ಕು ಆಳು, ಎರಡು ಹೊತ್ತು, ಒಂದೇ ಕೋಲು.
ಅವತ್ತು ಕೋಲು ಹಿಟ್ಟಿನ ನಡುವೆ ಹಾಗೇ ನಿಂತಿತು,
ಯಾಕೆಂದರೆ ಜವರ ಕೂಗಿದ್ದು
ಬಿಸಿ ತಾಗಿದವರ ಕೂಗಾಗಿರಲಿಲ್ಲ.

ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಕದಡುತ್ತಿದ್ದ ಹುಡುಗ.
ಬಕೆಟ್ಟಿನ ತಳದಲ್ಲಿ ಅರಳದ ಸುಣ್ಣಕಲ್ಲಿತ್ತಂತೆ, ಸಿಡಿಯಿತಂತೆ.
ಎಡಗಣ್ಣನ್ನು ಮುಂಗೈಯಲ್ಲಿ ತಿಕ್ಕುತ್ತ ಬಂದ,
ರೆಪ್ಪೆಯ ಮೇಲೆ ಮೊಸರಿನಂಥ ಬಿಳಿ.

ಆಗ ಎಲ್ಲರೂ ವೈದ್ಯರೇ.
ಒಬ್ಬ ಹರಳೆಣ್ಣೆ ಅಂದ.
ಒಬ್ಬಳು ಬಾಣಂತಿ ನಾಗಿಯ ಗುಡಿಸಲಿಗೆ ಓಡಿದಳು, ಎದೆಹಾಲು ಕೇಳಲು.
ಧಣಿ ಕರೀಗೌಡ ಟೆಂಪೋ ಚಾಲೂ ಮಾಡಿಯೇ ಬಿಟ್ಟ:
"ಹತ್ಸ್ರೋ, ಮಂಡ್ಯ ಅರ್ಧ ಗಂಟೆ ದಾರಿ!"

ಟೆಂಪೋದ ಕೀಲಿ ಕಿತ್ತವಳು ನಾನು.

ನಮ್ಮಣ್ಣನನ್ನೂ ಹಾಗೇ ಹತ್ತಿಸಿದ್ದೆವು, ಆಟೋಗೆ.
ಗೌರಿ ಹಬ್ಬದ ಹಿಂದಿನ ವಾರ, ಮೈಸೂರಿನ ಕ್ಯಾತಮಾರನಹಳ್ಳಿಯಲ್ಲಿ, ಗೋಡೆಗೆ ಸುಣ್ಣ.
ಕಣ್ಣಿಗೆ ಬಟ್ಟೆ ಕಟ್ಟಿ, ದೇವರ ಹೆಸರು ಹೇಳಿ, ಸಿಗ್ನಲ್ಲು ಹಾರಿಸಿ
ಕೆ.ಆರ್. ಆಸ್ಪತ್ರೆ ಮುಟ್ಟಿದಾಗ ಒಂಥರಾ ಹೆಮ್ಮೆ, ಎಷ್ಟು ಬೇಗ ಬಂದೆವು!
ಡ್ಯೂಟಿ ಡಾಕ್ಟರಮ್ಮ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.
"ತೊಳೆದು ತಂದಿರಾ?" ಅಂದರು.
ನಾವು ಮುಖ ಮುಖ ನೋಡಿಕೊಂಡೆವು.
ಮನೆಯ ಮುಂದೆಯೇ ನಲ್ಲಿಯಿತ್ತು.
ಅವತ್ತು ನೀರು ಬರುವ ದಿನ.

"ಮಾದಪ್ಪಾ, ತಲೆ ಹಿಡ್ಕೊ. ಎಡಕ್ಕೆ ವಾಲ್ಸು.
ಸುಣ್ಣ ಬಿದ್ದ ಕಣ್ಣು ಕೆಳಗಿರ್ಲಿ, ಒಳ್ಳೇ ಕಣ್ಗೆ ಹರೀಬಾರ್ದು."
ಬೋರಿನ ಪೈಪು ಬೇಡ, ರಭಸ. ಚೊಂಬು ಸಾಕು.
ಮೂಗಿನ ಕಡೆಯಿಂದ ಹೊರಕ್ಕೆ, ಸಣ್ಣ ಧಾರೆ, ಬಿಡದ ಧಾರೆ.
ರೆಪ್ಪೆ ಬಿಡಿಸಿ ಹಿಡಿದರೆ ಒದ್ದಾಡಿದ,
ಅವ್ವಾ ಅಂದ, ಬಯ್ದ, ನನ್ನ ಕೈ ಕಚ್ಚಿದ.
ಸೆರಗಿನ ತುದಿ ಒದ್ದೆ ಮಾಡಿ ರೆಪ್ಪೆಯೊಳಗೆ ಸವರಿದೆ,
ಅಕ್ಕಿ ನುಚ್ಚಿನಷ್ಟು ಸುಣ್ಣ ಬಂತು. ಇನ್ನೊಂದು ಬಂತು.
ಮತ್ತೆ ನೀರು.
"ಮೇಲೆ ನೋಡು ಮಗ. ಈಗ ಕೆಳಗೆ. ಈಗ ನನ್ ಕಡೆ.
ನೋಡಕ್ಕಾಗಲ್ವಾ? ಆದ್ರೂ ನೋಡು."

ಆಲೆಮನೆಯಲ್ಲಿ ಗಡಿಯಾರವಿಲ್ಲ. ಮಾದಪ್ಪನ ಮೂಗೇ ಗಡಿಯಾರ,
ಪಾಕದ ಹದ ವಾಸನೆಯಲ್ಲೇ ಹೇಳುವವನು.
ಅವನ ಎರಡೂ ಕೈ ಹುಡುಗನ ತಲೆಗೆ ಮೀಸಲು.
"ಹದ ಬಂತಕ್ಕ" ಅಂದ.
ಇನ್ನೊಂದು ಕೊಡ ತರಿಸಿದೆ.
"ಹದ ಮೀರ್ತದೆ."
ಇನ್ನೊಂದು ಕೊಡ.
ಆಮೇಲೆ ಅವನು ಹೇಳಲಿಲ್ಲ, ಸೀದ ವಾಸನೆ ಎಲ್ಲರ ಮೂಗಿಗೂ ಬಂತು.
ಕರೀಗೌಡ ಕೊಪ್ಪರಿಗೆ ನೋಡಿದ, ಹುಡುಗನನ್ನು ನೋಡಿದ,
ಏನೋ ಗೊಣಗಿ
ತಾನೇ ಕೊಡ ಎತ್ತಿಕೊಂಡು ತೊಟ್ಟಿಯತ್ತ ನಡೆದ.

ಆಮೇಲೆ ಕೀಲಿ ಕೊಟ್ಟೆ.
ದಾರಿಯುದ್ದಕ್ಕೂ ಬಾಟಲಿಯಿಂದ ಸುರಿಯುತ್ತಲೇ ಹೋದೆ,
ಹಳ್ಳ ಬಂದಾಗಲೆಲ್ಲ ಅರ್ಧ ನನ್ನ ಮಡಿಲಿಗೆ.
ಮಂಡ್ಯದ ಡಾಕ್ಟರು ಕಾಗದದ ಚೂರೊಂದನ್ನು ಕಣ್ಣಂಚಿಗೆ ಮುಟ್ಟಿಸಿ
"ಇನ್ನೂ ನೀಲಿ" ಎಂದು, ಬಾಟಲಿ ತೂಗುಹಾಕಿ ಮತ್ತೆ ತೊಳೆದರು.
ಕೇಳುತ್ತಾರೆಂದು ಕಾದೆ.
ಅವರು ಕೇಳಲಿಲ್ಲ. ನಮ್ಮ ಬಟ್ಟೆ ನೋಡಿದರು,
ಮೂವರದೂ ತೊಟ್ಟಿಕ್ಕುತ್ತಿತ್ತು.

ಜವರನಿಗೆ ಕಾಣುತ್ತದೆ ಈಗ. ದೀಪದ ಸುತ್ತ ಸ್ವಲ್ಪ ಮಂಜಂತೆ.
ಬೆಲ್ಲದ ಅಚ್ಚು ಎಣಿಸುತ್ತಾನೆ,
ತಪ್ಪುವುದು ಲೆಕ್ಕ ಬಾರದೆ, ಕಣ್ಣು ಕಾಣದೆ ಅಲ್ಲ.
ಸುಣ್ಣದ ಬಕೆಟ್ಟಿನ ಪಕ್ಕ ಒಂದು ಕೊಡ ನೀರಿದೆ,
ಎಂಥ ಬಿಸಿಲಲ್ಲೂ ಯಾರೂ ಅದನ್ನು ಕುಡಿಯುವುದಿಲ್ಲ.

ಹಬ್ಬಕ್ಕೆ ಅಣ್ಣನ ಮನೆಗೆ ಹೋದಾಗ ಇದನ್ನೆಲ್ಲ ಹೇಳಲಿಲ್ಲ.
ಆ ಗೋಡೆಗೆ ಈಗ ಹಸಿರು ಪೇಂಟು.
ಬಿಳಿ ಉಳಿದಿರುವುದು ಅವನ ಬಲಗಣ್ಣಲ್ಲಿ ಮಾತ್ರ.
ಬಾ ಎಂದು ನಕ್ಕು, ಬಗ್ಗಿ ಚೊಂಬು ತುಂಬಿ
ಕಾಲಿಗೆ ನೀರು ಕೊಟ್ಟ.
ಅದೇ ನಲ್ಲಿ.