ಸುಂಕದವನ ಮುಂದೆ

ಮೂವತ್ತೊಂದು ವರ್ಷ ಈ ಸೇತುವೆಯ ಬುಡದಲ್ಲಿ
ತಗಡಿನ ಗೂಡೊಳಗೆ ಕೂತು
ಕಾರುಗಳ ಡಿಕ್ಕಿ ತೆಗೆಸಿದವನು ನಾನು.
ಆಚೆ ದಡ ಫರ್ಮಾನಾ, ಲಂಡನ್ನಿನ ಲೆಕ್ಕಕ್ಕೆ.
ಈಚೆ ಡೊನೆಗಾಲ್, ಡಬ್ಲಿನ್ನಿನ ಲೆಕ್ಕಕ್ಕೆ.
ನಡುವೆ, ಕಲ್ಲೆಸೆದರೆ ಎದುರು ದಡದ ಕಾಗೆ ಏಳುವಷ್ಟು ಹೊಳೆ.
ಬೆಣ್ಣೆ, ಟಿವಿ, ಟೈರು, ಒಮ್ಮೆ
ಪಾದ್ರಿಯ ನಿಲುವಂಗಿಯೊಳಗೆ ಎರಡು ಬಾಟಲಿ ವಿಸ್ಕಿ.
ಎಲ್ಲ ಹಿಡಿದೆ. ಪಾದ್ರಿಗೂ ರಸೀತಿ ಕೊಟ್ಟೆ.
ಗಂಡನಿಗೆ ಕೆಲಸವಿಲ್ಲ, ಮಗುವಿಗೆ ಕೆಮ್ಮು, ಅಂದವರಿಗೆ
ಗಾದೆಯಲ್ಲಿರುವ ಮುಖವನ್ನೇ ತೋರಿಸಿದೆ.

ತೊಂಬತ್ತಮೂರರ ಹೊಸ ವರ್ಷದ ದಿನ ಗೂಡಿಗೆ ಬೀಗ ಬಿತ್ತು.
ಈಗ ಅದರಲ್ಲಿ ಯಾರದೋ ಕೋಳಿಗಳಿವೆ,
ಹೋಗುವವರನ್ನೆಲ್ಲ ಕತ್ತು ಓರೆ ಮಾಡಿ ನೋಡುತ್ತವೆ.

ಈ ಜನವರಿಯಲ್ಲಿ ಲಸಿಕೆ ಮೊದಲು ಆಚೆ ದಡಕ್ಕೆ ಬಂತು.
ಡಿಂಪ್ನಾ ಮಗಾರಿಟಿ, ಎಂಬತ್ತಮೂರು,
ತೋಳು ಕೊಟ್ಟು ಬಂದವಳೇ ಫೋನು ಮಾಡಿದಳು:
'ಇರುವೆ ಕಚ್ಚಿದಷ್ಟೂ ಇಲ್ಲ, ಮ್ಯಾಲಕಿ. ನಿನ್ನದು ಯಾವಾಗ?'
ನನಗೆ ಎಂಬತ್ತೊಂದು.
ನನ್ನ ದಡದಲ್ಲಿ ಇನ್ನೂ ಪಟ್ಟಿ ತಯಾರಾಗುತ್ತಿತ್ತು.
ಏಪ್ರಿಲಿನಲ್ಲಿ ನನ್ನ ಊನಾಳನ್ನು ಕರೆದೊಯ್ದ ಕಾಯಿಲೆ
ಯಾವ ದಡದ್ದೆಂದು
ಆಗ ಯಾರೂ ಕೇಳಿರಲಿಲ್ಲ.

ತಿಂಗಳ ಕೊನೆಯ ಶುಕ್ರವಾರ, ಆಲೂಗಡ್ಡೆ ಸುಲಿಯುತ್ತಿದ್ದೆ.
ರೇಡಿಯೋದಲ್ಲಿ ಬ್ರಸೆಲ್ಸಿಗೂ ಲಂಡನ್ನಿಗೂ ಜಗಳ:
ಕಾರ್ಖಾನೆ ನಮ್ಮ ನೆಲದಲ್ಲಿ, ಅಂತ ಇವರು.
ದುಡ್ಡು ಮೊದಲು ಕಟ್ಟಿದ್ದು ನಾವು, ಅಂತ ಅವರು.
ಕರಾರಿನಲ್ಲಿ 'ಸಾಧ್ಯವಾದಷ್ಟು ಪ್ರಯತ್ನ' ಎಂದು ಬರೆದಿತ್ತಂತೆ.
ಅಷ್ಟು ಎಂದರೆ ಎಷ್ಟು ಎಂದು
ಎರಡು ರಾಜಧಾನಿಗಳು ಜುಟ್ಟು ಹಿಡಿದುಕೊಂಡವು.
ಕೈಗೆ ಸಿಕ್ಕಿದ್ದು ಯಾವುದೋ ಒಂದು ಕಲಮು,
ಅದನ್ನು ಎಳೆದರು.
ಎಳೆದರೆ ಇಲ್ಲಿ, ನನ್ನ ಹೊಳೆಯ ಮೇಲೆ,
ಗಡಿ ಎದ್ದು ಕೂತಿತು.
ಡಬ್ಲಿನ್ನಿಗೆ ಒಂದು ಮಾತು ಹೇಳಿರಲಿಲ್ಲ,
ಬೆಲ್‌ಫಾಸ್ಟಿಗೂ ಇಲ್ಲ. ಕೋಳಿಗಳಿಗಂತೂ ಇಲ್ಲವೇ ಇಲ್ಲ.

ರಾತ್ರಿ ಹತ್ತಕ್ಕೆ ಹಳೇ ಟಾರ್ಚು ಹುಡುಕಿಕೊಂಡು
ಸೇತುವೆಗೆ ಹೋದೆ. ಯಾಕೆಂದು ಕೇಳಬೇಡಿ,
ಕಾಲಿಗೆ ಅಭ್ಯಾಸ.
ನಿಂತು ಯೋಚಿಸಿದೆ: ಈಗ ಯಾರಾದರೂ ಬಂದರೆ ಏನು ಹುಡುಕಲಿ?
ಬೆಣ್ಣೆಗೆ ವಾಸನೆಯಿತ್ತು, ಟಿವಿಗೆ ತೂಕವಿತ್ತು,
ಹತ್ತು ತೋಳಿಗಾಗುವ ಶೀಶೆ
ಹೆಬ್ಬೆರಳಿಗಿಂತ ದೊಡ್ಡದಲ್ಲವಂತೆ.
ಮಂಜುಗಡ್ಡೆಯ ನಡುವೆ ಅದನ್ನಿಟ್ಟುಕೊಂಡು ಬಂದವಳು
'ಮನೆಯಲ್ಲಿ ಮುದುಕ, ಉಸಿರು ಕಟ್ಟುತ್ತದೆ' ಅಂದರೆ
ನಾನು ಏನು ಬರೆಯಲಿ ರಸೀತಿಯಲ್ಲಿ?

ಅರವತ್ತೆಂಟರಲ್ಲಿ ಇದೇ ಡಿಂಪ್ನಾ ಗಾಲಿತೊಟ್ಟಿಲು ತಳ್ಳಿಕೊಂಡು ಬಂದಿದ್ದಳು.
'ಏನಾದರೂ ಇದೆಯಾ?' 'ಮಗುವಿದೆ, ಕುರುಡನೇ?'
ಎತ್ತಿದೆ. ಮಗುವಿನ ಕೆಳಗೆ ನಾಲ್ಕು ಪೌಂಡು ಬೆಣ್ಣೆ,
ಮಗುವಿನ ಬಿಸಿಗೆ ಅರ್ಧ ಕರಗಿತ್ತು.
ಜಪ್ತಿ ಮಾಡಿದೆ. ಮಗು ಅಳಲಿಲ್ಲ, ಅವಳು ಅತ್ತಳು.
ಅವಳ ಅತ್ತಿಗೆ ಹೆರಿಗೆಯಾಗಿ ಮಲಗಿದ್ದು ಈ ದಡದಲ್ಲಿ
ಎಂದು ಆಮೇಲೆ ಊನಾ ಹೇಳಿದಳು,
ಹೇಳಿ ಮೂರು ದಿನ ಮಾತು ಬಿಟ್ಟಳು.

ಬ್ರಸೆಲ್ಸಿನವರೇ, ಲಂಡನ್ನಿನವರೇ,
ನಾನೂ ನಿಯಮ ಓದಿದವನೇ.

ಹೊಳೆ ಒಂದೇ ಸಮನೆ ಹರಿಯುತ್ತಿತ್ತು. ಮೂಗು ಸೋರುತ್ತಿತ್ತು.
ಮನೆಗೆ ಬಂದು ಮಲಗುವ ಹೊತ್ತಿಗೆ ರೇಡಿಯೋ ಅಂದಿತು:
ಹಿಂತೆಗೆದುಕೊಂಡಿದ್ದಾರೆ, ಕಣ್ತಪ್ಪಿನಿಂದಾಯಿತು.
ಒಂದು ಸಂಜೆಯ ಗಡಿ. ಹಾಲು ಒಡೆಯುವುದಕ್ಕೂ
ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಶನಿವಾರ ಬೆಳಿಗ್ಗೆ ಡಿಂಪ್ನಾ ಸೇತುವೆಯ ನಡುಮಧ್ಯೆ ನಿಂತಿದ್ದಳು,
ಮಾಸ್ಕು, ಊರುಗೋಲು, ಹಸಿರು ಸ್ವೆಟರು.
ಎರಡು ಮೀಟರು ದೂರದಿಂದ, ಗಂಟಲು ಸರಿಮಾಡಿಕೊಂಡು,
ಕೇಳಿದೆ: 'ಏನಾದರೂ ಇದೆಯಾ?'
'ಇದೆ,' ಎಂದಳು, ತೋಳು ತಟ್ಟಿಕೊಂಡು.
'ಇಲ್ಲಿ, ಒಳಗೆ. ಜಪ್ತಿ ಮಾಡು, ನೋಡೋಣ.'

ಆಮೇಲೆ ಕಟ್ಟೆಯ ಮೇಲೆ ಕಾಗದದ ಪೊಟ್ಟಣವೊಂದನ್ನಿಟ್ಟು
ಹಿಂದೆ ಸರಿದಳು.
ಅರ್ಧ ಪೌಂಡು ಬೆಣ್ಣೆ, ಚಳಿಗೆ ಕಲ್ಲಾಗಿತ್ತು.
ಊನಾಳ ವಿಷಯ ತೆಗೆದಳು. ಮಣ್ಣಿಗೆ ಬರಲು ಅವಳಿಗಾಗಿರಲಿಲ್ಲ.
ನಾನು ಹೇಳಿದೆ, ಕೊನೆಯ ವಾರ, ಕೊನೆಯ ಫೋನು,
ನರ್ಸು ಹಿಡಿದಿದ್ದ ಫೋನು.
ಅವಳು ಕೇಳಿದಳು.
ಗೂಡಿನ ಕೋಳಿಗಳೂ ಕತ್ತು ಓರೆ ಮಾಡಿ ಕೇಳಿದವು.