ಫೂಟಿಗೆ ಒಂದು ನೂಲು

ನಮ್ಮಪ್ಪನ ಸ್ಕೇಲು ಸುಳ್ಳು ಹೇಳತೈತಿ.
ಹನ್ನೆರಡು ಇಂಚು ಅಂತ ಬರದೈತಿ,
ಖರೇ ಅಳತಿ ಹಿಡದ್ರ ಹನ್ನೆರಡು ಇಂಚು, ಮ್ಯಾಲೆ ಒಂದು ನೂಲು.
ಕಾದ ಬೀಡು ಆರುವಾಗ ಕುಗ್ಗತೈತಿ;
ಕುಗ್ಗೂದನ್ನ ಮೊದಲ ಎಣಿಸಿ
ಕಟಗಿ ಅಚ್ಚು ಅಷ್ಟು ದೊಡ್ಡದು ಕೆತ್ತಬೇಕು.
ಉದ್ಯಮಬಾಗದಾಗ ಇಪ್ಪತ್ತಾರು ವರ್ಷ
ನಾ ಕಲತ ವಿದ್ಯಾ ಇಷ್ಟ.
ಇನ್ನೊಂದೈತಿ: ಗ್ವಾಡಿಗೆ ತುಸು ಜಾರು ಕೊಡೂದು,
ಅಚ್ಚು ಉಸುಕಿನಿಂದ ಎದ್ದು ಬರುವಾಗ
ತಾ ಬಿಟ್ಟ ಜಾಗ ಕುಸೀಬಾರದು.

ಖಂಡೇಪೂಜಿ ದಿನ ಪೋತದಾರ ಮಾಲಕರು
ಪೇಢೆ ಕೈಯಾಗಿಟ್ಟು ಅಂದ್ರು:
"ಮಿಸ್ತ್ರಿ, ಇಂಜಿನ್ನಿನ ಬ್ಲಾಕು ಇನ್ನ ಎಷ್ಟು ವರ್ಷ?
ಗಾಡಿ ಎಲ್ಲಾ ಕರೆಂಟಿನ ಮ್ಯಾಲೆ ಹೊಂಟಾವ.
ಮುಂದಿನ ಆರ್ಡರು ಅಲ್ಯುಮಿನಿಯಮ್ಮಿಂದು.
ಅಚ್ಚು ಮಷಿನ್ನ ಛಾಪಿಸತೈತಿ, ಒಂದ ರಾತ್ರಿಯಾಗ."
ಪೇಢೆ ಬಾಯಾಗಿತ್ತು.
ಹೂಂ ಅನ್ನಾಕೂ ಆಗಲಿಲ್ಲ.

ಆ ರಾತ್ರಿ ಅನಗೋಳದ ಮನಿಯಾಗ ಯಾರೂ ಟಿವಿ ಹಚ್ಚಲಿಲ್ಲ.
ಮೂರನೇ ಗೇಟಿನಾಗ ರೈಲು ಹ್ವಾದ ಸಪ್ಪಳ,
ಅದರ ಹಿಂದ ಅವ್ವನ ಮಾತು.
ಕಾಳವ್ವಗ ಎಪ್ಪತ್ತಾರು. ಅಕಿ ತಯಾರಿ ಅಂದ್ರ
ಪತ್ರಾಸಿನ ಡಬ್ಬಿಯಾಗ ಬೇವಿನ ತಪ್ಪಲ ಹಾಕಿಟ್ಟ ಬಿಳಿಜೋಳ:
"ಏನರ ಬರ್ಲಿ, ಮೊದಲ ರೊಟ್ಟಿ ಸಿಗಲಿ."
ಮಂಗಲಾ ಲೆಕ್ಕದ ಪಟ್ಟಿ ತಂದ್ಲು: ಹಾಲು, ವಿಮೆ ಕಂತು, ಸಂಘದ ಸಾಲ.
"ಒಂದು ವರ್ಷ ಪಗಾರ ಇಲ್ಲಂದ್ರೂ ನಡೀಬೇಕು" ಅಂತ
ಕೊಳ್ಳಾಗಿನ ಬೋರಮಾಳ ಮುಟ್ಟಿ ನೋಡಿ
ಕೈ ತಗದ್ಲು.
ಎಂಟನೇತ್ತಾದ ಓಂಕಾರ ನಿದ್ದಿಗಣ್ಣಾಗ ಕೇಳಿದ:
"ನಾ ದೊಡ್ಡಾವ ಆಗೂದ್ರಾಗ ಯಾವ ಕೆಲಸ ಉಳದಿರ್ತಾವ, ಅಪ್ಪಾ?"
ಸ್ಕೇಲಿನಂಗ ಸುಳ್ಳು ಹೇಳಾಕ ನನಗ ಬರಂಗಿಲ್ಲ.

ಪ್ರೇರಣಾ ಪಾಲಿಟೆಕ್ನಿಕ್ಕಿನ ಲ್ಯಾಪ್‌ಟಾಪು ತಗದು
ಜೋಳದ ಡಬ್ಬಿ ಮ್ಯಾಲೆ ಇಟ್ಲು.
"ಕುಂಡ್ರ, ಅಪ್ಪಾ."
ಉಳಿ ಹಿಡದ ಬಟ್ಟಿಗೆ ಮೌಸ್ ಸಿಗವಲ್ದು,
ಗೆರಿ ಎಳದ್ರ ಗ್ವಾಡಿ ಹಾರಿ ಹೋಗತಿತ್ತು.
ಮೂರು ತಿಂಗಳು. ಒಮ್ಮೆ ಸಿಟ್ಟಿಗೆ ಊಟ ಬಿಟ್ಟು ಎದ್ದೆ.
ಒಂದು ಸಂಜಿ ಪರದೆ ಮ್ಯಾಲೆ ಖಾಲಿ ಚೌಕ ಬಂತು.
"ಕುಗ್ಗೂ ಅಳತಿ ಕೇಳಾಕತ್ತೈತಿ. ಎಷ್ಟು ತುಂಬ್ಲಿ?"
"ಬೀಡಾದ್ರ ಫೂಟಿಗೆ ಒಂದು ನೂಲು."
"ನೂಲಂದ್ರ?"
ಅಕಿ ಅಜ್ಜನ ಸ್ಕೇಲು ತಂದು ತೋರಿಸಿದೆ.
ಬಾಯಿಲೆ ಲೆಕ್ಕಾ ಮಾಡಿ ಬರದ್ಲು:
ನೂರಕ್ಕ ಒಂದು ಪಾಯಿಂಟ್ ಸೊನ್ನೆ ನಾಕು.
"ಅಲ್ಯುಮಿನಿಯಮ್ಮಿಗೆ?"
"ಒಂದೂವರಿ ನೂಲು ಅಂತಾರ. ನಾ ಎರದು ನೋಡಿಲ್ಲ."
"ಹಂಗಾರ ಎರದು ನೋಡೂಣು,"
ಚಾಕ ಸಕ್ಕರಿ ಕಡಿಮಿ ಐತಿ ಅಂದಂಗ ಅಂದ್ಲು.
ಮೊದಲನೇದು ಸೊಟ್ಟ ಬಂತು.
ಎರಡನೇದು ಕಡಿಮಿ ಸೊಟ್ಟ.

ಕಾರಖಾನಿ ಅಟ್ಟದ ಮ್ಯಾಲೆ ಸತ್ತ ಅಚ್ಚು ಮಲಗ್ಯಾವ:
ಕಂಪನಿ ಮುಚ್ಚಿದ ಪಂಪು, ನಿಂತ ಗಿರಣಿಯ ಗಾಲಿ,
ಖಾನಾಪುರದ ಸಾಗವಾನಿ, ಮ್ಯಾಲೆ ಕೆಂಪು ಬಣ್ಣ.
ಸುಡಾಕ ಮನಸಿಲ್ಲ, ಕೇಳಾಕ ಗಿರಾಕಿ ಇಲ್ಲ.
ಪ್ರೇರಣಾಗೂ ಇಂಥಾದೊಂದು ಅಟ್ಟ ಆಗತೈತಿ,
ನನಗಿಂತ ಲಗೂನ.
ಅಕಿಗೆ ಅದನ್ನ ಹೇಳಿದೆ.
"ಗೊತ್ತೈತಿ" ಅಂದ್ಲು, ತಲಿ ಎತ್ತಲಿಲ್ಲ.

ಜೂನಿನಾಗ ಸಾಲಿ ಸುರು ಆತು.
ಮಂಗಲಾಗ ಟೇಪು ಸಿಗಲಿಲ್ಲ, ಸ್ಕೇಲು ಸಿಕ್ಕಿತು;
ಓಂಕಾರನ ಅಂಗಿ ಅದರಲೇ ಅಳದು ಕತ್ತರಿಸಿದ್ಲು.
ಹೊಲಿದ ಮ್ಯಾಲೆ ಗೊತ್ತಾತು,
ಎರಡು ಫೂಟಿಗೆ ಎರಡು ನೂಲು ಉದ್ದ.
"ಬಿಚ್ಚಲೇನ್ರಿ?" ಅಂತ ನನ್ನ ಮಾರಿ ನೋಡಿದ್ಲು.
ಬಿಚ್ಚಾಕ ಅಂಗಿ ಎಲ್ಲಿ?
ಹುಡುಗ ಹಾಕ್ಕೊಂಡು, ಸೈಕಲ್ ಏರಿ,
ಗೇಟು ಬೀಳೂದ್ರೊಳಗ
ಹಳಿ ದಾಟಿ ಹೋಗಿದ್ದ.